‘ಮೋಟಾರ್ ಹೋಗಿದೆ’ ಅನ್ನುವ ಮುಂಚೆ

ಪುನರ್ವಸು ಮಳೆ ಹಿಡಿದುಕೊಂಡರೆ ಶಿವಮೊಗ್ಗದ ಗ್ಯಾರೇಜುಗಳಲ್ಲಿ ಎಲ್ಲರದ್ದೂ ಒಂದೇ ರಾಗ. ವೈಪರ್ ನಿಧಾನ ಆಗಿದೆ, ವೈಪರ್ ಅರ್ಧ ಗಾಜಿಗೆ ಹೋಗಿ ನಿಂತುಬಿಡುತ್ತೆ, ಆಫ್ ಮಾಡಿದರೂ ನಿಲ್ಲೋದಿಲ್ಲ. ಬೇಸಿಗೆ ಪೂರ್ತಿ ಆ ಸ್ವಿಚ್ಚನ್ನು ಯಾರೂ ಮುಟ್ಟಿರೋದಿಲ್ಲವಲ್ಲ, ಜೂನ್ ಬಂದಾಗಲೇ ಅದರ ನೆನಪು. ಗ್ಯಾರೇಜಿನ ಉತ್ತರವೂ ಸಾಮಾನ್ಯವಾಗಿ ಒಂದೇ: ‘ಮೋಟಾರ್ ಹೋಗಿದೆ ಸಾರ್, ಬದಲಾಯಿಸಬೇಕು.’

ಕೆಲವು ಸಲ ಅದು ನಿಜವೂ ಹೌದು. ಆದರೆ ಹತ್ತು–ಹದಿನೈದು ವರ್ಷ ದಾಟಿದ ಕಾರಿನಲ್ಲಿ ಎಷ್ಟೋ ಸಲ ಮೋಟಾರಿಗಿಂತ ಮುಂಚೆ ಕೈಕೊಡೋದು ಅದಕ್ಕೆ ಕರೆಂಟು ತಂದುಕೊಡುವ ದಾರಿ, ಇಲ್ಲಾಂದ್ರೆ ಆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಮಲೆನಾಡಿನ ಮಳೆಯಲ್ಲಂತೂ ಈ ವಾಪಸ್ ದಾರಿಯ ಮೇಲೇ ನನ್ನ ಮೊದಲ ಅನುಮಾನ. ಹೋದ ತಿಂಗಳು ಇದೇ ಅಂಕಣದಲ್ಲಿ ಯುಪಿಎಸ್ ಬ್ಯಾಟರಿ ಬಗ್ಗೆ ಬರೆದಾಗ, ‘ಮಳೆ ಶುರುವಾಯ್ತು, ಕಾರಿನ ಬಗ್ಗೆಯೂ ಏನಾದ್ರೂ ಬರೀರಿ’ ಅಂತ ಒಂದಿಬ್ಬರು ಕೇಳಿದ್ದರು. ಅಷ್ಟರಲ್ಲಿ ನಮ್ಮ ಮನೆಯಲ್ಲೇ ಇದರ ಪಂಚಾಯ್ತಿ ಶುರುವಾಗಿತ್ತು.

ಅಪ್ಪನ ಕಾರು 2007ರದ್ದು. ಕಂಪನಿ ಹೆಸರು ಬೇಡ, ಇದು ಕಂಪನಿಯ ತಪ್ಪಲ್ಲ, ವಯಸ್ಸಿನದ್ದು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ ಅಜ್ಜಿ ಇದ್ದಾರೆ, ಎಂಬತ್ತೆಂಟು ವರ್ಷ. ಪೇಟೆಗೆ ಬನ್ನಿ ಅಂದರೆ ಬರೋದಿಲ್ಲ. ಹದಿನೈದು ದಿನಕ್ಕೊಮ್ಮೆ ಅವರ ಮಾತ್ರೆ, ದಿನಸಿ ತಗೊಂಡು ಅಪ್ಪ ಹೋಗಿಬರುತ್ತಾರೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೇ ಸುಮಾರು 60 ಕಿಲೋಮೀಟರ್, ಅಲ್ಲಿಂದ ಮುಂದೆ ಆಗುಂಬೆ ಕಡೆಯ ಮಳೆ. ಅದರ ಬಗ್ಗೆ ನಾನು ವಿವರಿಸೋದು ಬೇಡ, ನೋಡಿದವರಿಗೆ ಗೊತ್ತು. ಈ ಸಲ ಜುಲೈನಲ್ಲಿ ಮಂಡಗದ್ದೆ ದಾಟಿದ ಮೇಲೆ ಎರಡೂ ವೈಪರ್ ಗಾಜಿನ ಮಧ್ಯದಲ್ಲಿ ನಿಂತವಂತೆ. ಅಪ್ಪ, ಅಮ್ಮ ಇಬ್ಬರೇ. ರಸ್ತೆ ಪಕ್ಕ ನಿಲ್ಲಿಸಿ ಮುಕ್ಕಾಲು ಗಂಟೆ ಕಾದಿದ್ದಾರೆ.

ಸುದ್ದಿ ಬೆಂಗಳೂರಿನಲ್ಲಿರುವ ಅಕ್ಕನಿಗೆ ಮುಟ್ಟಿತು. ‘ಆ ಡಬ್ಬಾ ಮಾರಿ, ಟ್ಯಾಕ್ಸಿ ಮಾಡ್ಕೊಂಡು ಹೋಗ್ಲಿ’ ಅಂದಳು. ಗ್ಯಾರೇಜಿನಲ್ಲಿ ತೋರಿಸಿದರೆ ಹೊಸ ಮೋಟಾರಿಗೆ, ಕೂಲಿ ಸೇರಿ, ಐದು ಸಾವಿರದ ಚೀಟಿ ಬರೆದುಕೊಟ್ಟರು. ಹಳೇ ಕಾರಿಗೆ ಐದು ಸಾವಿರ ಹಾಕಬೇಕಾ ಅನ್ನೋದು ಅಮ್ಮನ ಪ್ರಶ್ನೆ. ಅಪ್ಪ ಮಾತ್ರ ಪೇಪರ್ ಮಡಚಿಟ್ಟು, ‘ವಯಸ್ಸಾಗಿರೋದು ಕಾರಿಗೆ ಅಂತೀರೋ, ನನಗೆ ಅಂತೀರೋ, ಅದನ್ನ ಮೊದಲು ಹೇಳಿ’ ಅಂದರು. ಆಮೇಲೆ ಯಾರೂ ಮಾತಾಡಲಿಲ್ಲ.

ವೈಪರ್ ಮೋಟಾರ್ ಅನ್ನೋದು ನೋಡೋಕೆ ಸಣ್ಣದು, ಒಳಗಿನ ವ್ಯವಸ್ಥೆ ಮಾತ್ರ ಬಲು ಚೆಂದ. ಹೆಚ್ಚಿನ ಹಳೇ ಕಾರುಗಳಲ್ಲಿ ಇದು 12 ವೋಲ್ಟಿನ ಡಿಸಿ ಮೋಟಾರ್. ಒಳಗೆ ಮೂರು ಕಾರ್ಬನ್ ಬ್ರಷ್ ಇರುತ್ತವೆ. ಒಂದು ಎರಡೂ ವೇಗಕ್ಕೆ ಸೇರಿದ್ದು, ಅದರ ಸರಿಯಾಗಿ ಎದುರಿಗೆ ಕೂತಿರೋದು ನಿಧಾನ ವೇಗದ್ದು, ಸ್ವಲ್ಪ ಓರೆಯಾಗಿ ಕೂತಿರೋದು ಜೋರು ವೇಗದ್ದು. ಓರೆ ಬ್ರಷ್‌ಗೆ ಕರೆಂಟು ಕೊಟ್ಟಾಗ ತಂತಿಯ ಕಡಿಮೆ ಸುತ್ತುಗಳು ಕೆಲಸಕ್ಕೆ ಬರುತ್ತವೆ, ಮೋಟಾರ್ ತಿರುಗುತ್ತ ತಾನೇ ಹುಟ್ಟಿಸುವ ಎದುರು ವೋಲ್ಟೇಜ್ ಕಡಿಮೆಯಾಗುತ್ತೆ, ಹಾಗಾಗಿ ಅದು ಇನ್ನೂ ಜೋರಾಗಿ ತಿರುಗುತ್ತೆ. ಗೇರೂ ಬದಲಾಗೋದಿಲ್ಲ, ಎಲೆಕ್ಟ್ರಾನಿಕ್ಸೂ ಬೇಕಿಲ್ಲ.

ಇನ್ನೊಂದು ಜಾಣತನ ಪಾರ್ಕಿಂಗ್‌ನದ್ದು. ನೀವು ಸ್ವಿಚ್ ಆಫ್ ಮಾಡಿದಾಗ ಕಡ್ಡಿಗಳು ಎಲ್ಲೇ ಇರಲಿ, ಕೆಳಗೆ ಬಂದು ಮಲಗಿದ ಮೇಲೇ ನಿಲ್ಲುತ್ತವೆ ಅಲ್ವಾ? ಮೋಟಾರಿನ ಗೇರಿಗೆ ಅಂಟಿಕೊಂಡಂತೆ ಒಂದು ತಾಮ್ರದ ತಟ್ಟೆ ಇದೆ, ಅದರಲ್ಲಿ ಒಂದು ಕಡೆ ಕತ್ತರಿಸಿದ ಜಾಗ. ಸ್ವಿಚ್ ಆಫ್ ಆದರೂ ಈ ತಟ್ಟೆಯ ಮೂಲಕ ಮೋಟಾರಿಗೆ ಕರೆಂಟು ಹೋಗುತ್ತಲೇ ಇರುತ್ತೆ. ಕಡ್ಡಿ ಕೆಳಗೆ ಮುಟ್ಟಿದಾಗ ಕತ್ತರಿಸಿದ ಜಾಗ ಬರುತ್ತೆ, ಕರೆಂಟು ತಪ್ಪುತ್ತೆ. ಅಷ್ಟೇ ಅಲ್ಲ, ಅದೇ ಗಳಿಗೆಯಲ್ಲಿ ಮೋಟಾರಿನ ಎರಡು ತುದಿ ಒಂದಕ್ಕೊಂದು ಸೇರಿ ಅದು ತನ್ನನ್ನು ತಾನೇ ಬ್ರೇಕ್ ಹಾಕಿಕೊಳ್ಳುತ್ತೆ. ಇಲ್ಲದಿದ್ದರೆ ಓಟದ ರಭಸಕ್ಕೆ ಕಡ್ಡಿ ಮತ್ತೆ ಮೇಲಕ್ಕೆ ಹೋಗಿಬಿಡೋದು.

ಇಷ್ಟು ಗೊತ್ತಿದ್ದರೆ ಬಾನೆಟ್ ತೆಗೆಯುವ ಮೊದಲೇ ಅರ್ಧ ರೋಗ ತಿಳಿಯುತ್ತೆ. ಆಫ್ ಮಾಡಿದ ಜಾಗದಲ್ಲೇ ಕಡ್ಡಿ ನಿಂತರೆ ಪಾರ್ಕಿಂಗ್ ತಟ್ಟೆಯನ್ನೋ, ಅದಕ್ಕೆ ಬರುವ ವೈರನ್ನೋ ನೋಡಿ. ಆಫ್ ಮಾಡಿದರೂ ನಿಲ್ಲದೆ ಓಡುತ್ತಿದ್ದರೆ ಆ ತಟ್ಟೆಯೋ, ರಿಲೇಯೋ ಅಂಟಿಕೊಂಡಿರಬಹುದು. ಜೋರು ವೇಗ ಇದೆ, ನಿಧಾನದ್ದಿಲ್ಲ ಅಂದರೆ ಮೋಟಾರ್ ಪೂರ್ತಿ ಸತ್ತಿಲ್ಲ; ಒಂದು ಬ್ರಷ್ ಸವೆದಿದೆ ಅಥವಾ ಸ್ಟೀರಿಂಗ್ ಪಕ್ಕದ ಸ್ವಿಚ್ಚಿನ ಒಂದು ಕಾಂಟ್ಯಾಕ್ಟ್ ಕರಕಾಗಿದೆ. ಮೋಟಾರ್ ಓಡುವ ಸದ್ದು ಬರುತ್ತಿದ್ದೂ ಕಡ್ಡಿ ಅಲ್ಲಾಡದಿದ್ದರೆ ಅದು ಕರೆಂಟಿನ ವಿಷಯವೇ ಅಲ್ಲ, ಕಡ್ಡಿಯ ನಟ್ಟು ಸಡಿಲವಾಗಿದೆ ಅಥವಾ ಒಳಗಿನ ಲಿಂಕ್ ಕಳಚಿದೆ. ಎರಡೂ ವೇಗ ಇವೆ, ಎರಡೂ ಸೋಮಾರಿ ಆಗಿವೆ ಅಂದರೆ? ನಮ್ಮ ಕಾರಿನ ಕತೆ ಅದೇ. ಎರಡು ಬ್ರಷ್‌ಗಳು ಒಟ್ಟಿಗೆ, ಒಂದೇ ಮಟ್ಟಕ್ಕೆ ಸವೆಯೋದು ಅಪರೂಪ. ಎರಡಕ್ಕೂ ಸೇರಿದ ದಾರಿ ಯಾವುದು ಅಂತ ಹುಡುಕಬೇಕು. ನಮ್ಮ ಕೆಲಸದಲ್ಲೂ ಹೀಗೇ. ಎರಡು ಸ್ಕ್ರೀನ್ ಒಟ್ಟಿಗೆ ನಿಧಾನ ಆದರೆ ಎರಡರ ಕೋಡನ್ನೂ ಓದುತ್ತ ಕೂರೋದಿಲ್ಲ, ಎರಡೂ ಕೇಳುತ್ತಿರುವ ಡೇಟಾಬೇಸ್ ಕಡೆ ಮೊದಲು ನೋಡ್ತೀವಿ.

ಶನಿವಾರ ಮಳೆ ಸ್ವಲ್ಪ ಬಿಟ್ಟಾಗ ರವೀಂದ್ರನಗರದ ಮನೆಮುಂದೆಯೇ ಕೆಲಸ ಶುರು ಮಾಡಿದೆ. ಬೇಕಾಗಿದ್ದು ಒಂದು ಸಾದಾ ಮಲ್ಟಿಮೀಟರ್, ಸ್ಪ್ಯಾನರ್, ಎಮ್ರಿ ಕಾಗದ, ಒಂದು ಬಕೆಟ್ ನೀರು. ನೀರು ಯಾಕೆ ಅಂದರೆ ಒಣ ಗಾಜಿನ ಮೇಲೆ ವೈಪರ್ ಓಡಿಸಬಾರದು, ರಬ್ಬರೂ ಹಾಳು, ಅಳತೆಯೂ ಸುಳ್ಳು. ಅಪ್ಪ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಪೇಪರ್ ಕೈಯಲ್ಲಿತ್ತು, ಓದುತ್ತಿರಲಿಲ್ಲ.

ಮೊದಲು ಫ್ಯೂಸ್. ವೈಪರಿಗೆ ಹೆಚ್ಚಾಗಿ 15 ಅಥವಾ 20 ಆಂಪಿಯರಿನದ್ದು ಇರುತ್ತೆ, ಮುಚ್ಚಳದ ಮೇಲೆ ಚಿತ್ರ ಇದೆ. ಒಳಗಿನ ಎಳೆ ಸರಿ ಇದೆಯಾ ಅಂತ ಎಲ್ಲರೂ ನೋಡ್ತಾರೆ. ಅದರ ಎರಡು ಕಾಲುಗಳನ್ನೂ ನೋಡಿ, ಹಸಿರು ಹಿಡಿದಿದ್ದರೆ ಉಜ್ಜಿ. ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ 15ರ ಜಾಗಕ್ಕೆ 30 ಹಾಕೋದು, ಇಲ್ಲಾ ತಾಮ್ರದ ಎಳೆ ಸುತ್ತೋದು ಮಾಡಬೇಡಿ. ಫ್ಯೂಸ್ ಇರೋದು ವೈರನ್ನು ಕಾಯೋಕೆ. ಕಡ್ಡಿ ಸಿಕ್ಕಿಕೊಂಡು ಮೋಟಾರ್ ತಿರುಗದೆ ನಿಂತರೆ ಅದು ಮಾಮೂಲಿಯ ನಾಲ್ಕೈದು ಪಟ್ಟು ಕರೆಂಟು ಎಳೆಯಬಲ್ಲದು. ಆಗ ಫ್ಯೂಸ್ ಹೋಗದಿದ್ದರೆ ಡ್ಯಾಶ್‌ಬೋರ್ಡ್ ಹಿಂದಿನ ವೈರು ಕರಗುತ್ತೆ. ನಮ್ಮ ಪಕ್ಕದ ಕ್ರಾಸಿನ ಒಬ್ಬರ ಕಾರಿನಲ್ಲಿ ಆಗಿದ್ದು ಇದೇ, ಆ ಸುಟ್ಟ ವಾಸನೆ ಆರು ತಿಂಗಳು ಹೋಗಲಿಲ್ಲ.

ಫ್ಯೂಸ್ ಇದ್ದ ಜಾಗದಲ್ಲಿ ಮೀಟರನ್ನು 10 ಆಂಪಿಯರ್ ರೇಂಜಿಗೆ ಇಟ್ಟು ಕೂರಿಸಿ, ಗಾಜಿಗೆ ನೀರು ಹೊಯ್ಯುತ್ತ ವೈಪರ್ ಹಾಕಿದೆ. 3.2 ಆಂಪಿಯರ್ ತೋರಿಸಿತು. ಸಣ್ಣ ಕಾರಿಗೆ ಅದು ಆರೋಗ್ಯವಂತ ಅಂಕಿ. ಕಡ್ಡಿಯ ಕೀಲು ತುಕ್ಕು ಹಿಡಿದು ಬಿಗಿಯಾಗಿದ್ದರೆ ಇದು ಇನ್ನೂ ಜಾಸ್ತಿ ಬರಬೇಕಿತ್ತು. ಅಂದರೆ ಯಂತ್ರದ ಭಾಗ ಬಚಾವು.

ಆಮೇಲೆ ಫ್ಯೂಸ್ ವಾಪಸ್ ಹಾಕಿ ವೋಲ್ಟೇಜ್ ಅಳೆದೆ. ಇಲ್ಲೇ ಇಡೀ ವಿಷಯದ ಗುಟ್ಟಿದೆ: ವೈಪರ್ ಓಡುತ್ತಿರುವಾಗಲೇ ಅಳೆಯಬೇಕು. ಎಂಜಿನ್ ಸ್ಟಾರ್ಟ್ ಇದ್ದಾಗ ಬ್ಯಾಟರಿಯಲ್ಲಿ 14.1 ವೋಲ್ಟ್. ಮೋಟಾರಿನ ಪ್ಲಗ್ ಹಿಂದಿನಿಂದ ಮೀಟರ್ ಸೂಜಿ ತೂರಿಸಿ ನೋಡಿದರೆ 10.6. ದಾರಿಯಲ್ಲಿ ಮೂರೂವರೆ ವೋಲ್ಟ್ ಕಾಣೆ! ಹೋಗುವ ದಾರಿಯಲ್ಲಿ ಎಷ್ಟು, ವಾಪಸ್ ದಾರಿಯಲ್ಲಿ ಎಷ್ಟು ಅಂತ ಬೇರೆ ಮಾಡಬೇಕಲ್ಲ. ಮೀಟರಿನ ಒಂದು ಸೂಜಿ ಮೋಟಾರಿನ ಅರ್ತ್ ವೈರಿಗೆ, ಇನ್ನೊಂದು ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ. ಅರ್ತ್ ಚೆನ್ನಾಗಿದ್ದರೆ ಅಲ್ಲಿ ಹೆಚ್ಚುಕಮ್ಮಿ ಸೊನ್ನೆ ಬರಬೇಕು, 0.2 ದಾಟಿದರೆ ಅನುಮಾನ. ನಮ್ಮದು 2.9.

ಅಪ್ಪನಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿ, ‘ಹಂಗಾದ್ರೆ ಮೋಟಾರ್ ಸರಿ ಇದ್ಯಾ?’ ಅಂದರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಹೆಚ್ಚಿನವರು ಅರ್ತ್ ಪರೀಕ್ಷೆ ಮಾಡೋದು ಮೀಟರಿನ ‘ಬೀಪ್’ ಸದ್ದಿನಿಂದ. ಕಾರು ಆಫ್ ಮಾಡಿ, ಎರಡು ತುದಿ ಮುಟ್ಟಿಸಿ, ಬೀಪ್ ಅಂದರೆ ‘ಅರ್ತ್ ಇದೆ’ ಅಂತ ತೀರ್ಮಾನ. ಆ ಬೀಪ್ ಎಷ್ಟೋ ಮೀಟರುಗಳಲ್ಲಿ 30–40 ಓಮ್ ಪ್ರತಿರೋಧ ಇದ್ದರೂ ಕೂಗುತ್ತೆ. ನಮ್ಮ ಕಾರಿನಲ್ಲಿದ್ದ ತೊಂದರೆ ಲೆಕ್ಕ ಹಾಕಿ ನೋಡಿ: 2.9 ವೋಲ್ಟನ್ನು 3.2 ಆಂಪಿಯರಿನಿಂದ ಭಾಗಿಸಿದರೆ ಬರೀ 0.9 ಓಮ್. ಅಷ್ಟು ಚಿಕ್ಕದಕ್ಕೆ ಮೀಟರ್ ಖುಷಿಯಾಗಿ ಬೀಪ್ ಅನ್ನುತ್ತೆ. ಆದರೆ ಮೂರು ಆಂಪಿಯರ್ ಹರಿಯುವಾಗ ಆ ಒಂದು ಚುಕ್ಕಿಯಲ್ಲಿ 9 ವ್ಯಾಟ್ ಶಾಖವಾಗಿ ಹೋಗುತ್ತಿರುತ್ತೆ. ಒಂದು ಕೋಣೆಗೆ ಸಾಕಾಗುವ ಎಲ್‌ಇಡಿ ಬಲ್ಬಿನಷ್ಟು! ಶಾಖಕ್ಕೆ ತುಕ್ಕು ಹೆಚ್ಚುತ್ತೆ, ತುಕ್ಕಿಗೆ ಶಾಖ ಹೆಚ್ಚುತ್ತೆ. ಒಂದಿನ ರಸ್ತೆ ಗುಂಡಿಯಲ್ಲಿ ಕುಲುಕಿದಾಗ ಇದ್ದ ಚೂರು ಸಂಬಂಧವೂ ಬಿಟ್ಟು ಕಡ್ಡಿ ಮಧ್ಯದಲ್ಲೇ ನಿಲ್ಲುತ್ತೆ.

ಸಾಗರ ರಸ್ತೆ ಕಡೆ ನಮಗೆ ಗೊತ್ತಿರುವ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಭದ್ರಾವತಿಯವರು, ಲಾರಿ ವೈರಿಂಗ್ ಮಾಡುತ್ತಲೇ ಕೂದಲು ಬೆಳ್ಳಗಾಗಿದೆ. ಅರ್ತ್ ಪಾಯಿಂಟ್ ಎಲ್ಲಿರಬಹುದು ಅಂತ ಕೇಳೋಕೆ ಫೋನ್ ಮಾಡಿದರೆ, ಆ ಕಡೆಗೇ ಬರ್ತಿದ್ದೀನಿ ಅಂತ ಸ್ಕೂಟರಲ್ಲಿ ಬಂದೇಬಿಟ್ಟರು. ಅವರ ಹತ್ತಿರ ಮೀಟರೇ ಇಲ್ಲ. ಹಳೇ ಇಂಡಿಕೇಟರಿನ 21 ವ್ಯಾಟಿನ ಬಲ್ಬಿಗೆ ಎರಡು ವೈರ್ ಬೆಸೆದು, ತುದಿಗೆ ಕ್ಲಿಪ್ ಹಾಕಿಕೊಂಡಿದ್ದಾರೆ. ಒಂದು ಕ್ಲಿಪ್ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಮೋಟಾರಿನ ಅರ್ತ್ ವೈರಿಗೆ. ಬಲ್ಬು ಮಂಕಾಗಿ ಹತ್ತಿತು. ಅದೇ ಕ್ಲಿಪ್ಪನ್ನು ಎಂಜಿನ್ನಿನ ಕಬ್ಬಿಣಕ್ಕೆ ಹಿಡಿದರು, ಝಗ್ ಅಂತ ಹತ್ತಿತು. ‘ನೋಡಿ ತಮ್ಮಾ, ಹಸಿವಿದ್ದವನಿಗೆ ಊಟ ಹಾಕಿದ್ರೆ ತಾನೇ ಅಡುಗೆ ಎಷ್ಟಿದೆ ಅಂತ ಗೊತ್ತಾಗೋದು’ ಅಂದರು. ಮಾತು ನೂರಕ್ಕೆ ನೂರು ಸರಿ. ಮೀಟರ್ ಹೆಚ್ಚುಕಮ್ಮಿ ಏನೂ ಕರೆಂಟು ಎಳೆಯೋದಿಲ್ಲ. ಆ ಬಲ್ಬು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತೆ. ಕೆಲಸ ಕೊಟ್ಟಾಗ ದಾರಿ ತಡೆಯುತ್ತಾ ಅಂತ ಅದು ನೇರವಾಗಿ ತೋರಿಸುತ್ತೆ. (ಈಗಿನ ಕಾರುಗಳಲ್ಲಿ ಕಂಡಕಂಡ ವೈರಿಗೆ ಈ ಬಲ್ಬು ಮುಟ್ಟಿಸಬೇಡಿ, ಕಂಪ್ಯೂಟರಿಗೆ ಹೋಗುವ ವೈರ್ ಆಗಿದ್ದರೆ ದುಬಾರಿ ಬೀಳುತ್ತೆ.)

ಗಾಜಿನ ಬುಡದಲ್ಲಿ, ಬಾನೆಟ್ ಮುಗಿಯುವ ಕಡೆ ಒಂದು ಪ್ಲಾಸ್ಟಿಕ್ ಜಾಲರಿ ಇರುತ್ತಲ್ಲ, ಅದನ್ನು ತೆಗೆದೆವು. ಕಾರು ನಿಲ್ಲೋದು ಹೊಂಗೆ ಮರದ ಕೆಳಗೆ. ಒಳಗೆ ಹೊಂಗೆ ಎಲೆ, ಹೂವು, ಕಾಯಿಸಿಪ್ಪೆ ಎಲ್ಲ ಕೊಳೆತು ಗೊಬ್ಬರವಾಗಿ ಕೂತಿತ್ತು, ಒಂದು ಸಣ್ಣ ಸಸಿಯೂ ಹುಟ್ಟಿತ್ತು. ನೀರು ಹರಿದು ಹೋಗುವ ತೂತು ಮುಚ್ಚಿ, ಮಳೆನೀರು ಅಲ್ಲೇ ನಿಲ್ಲುತ್ತಿತ್ತು. ಆ ಕೆಸರಿನ ಅಂಚಿನಲ್ಲೇ ಕಾರಿನ ಮೈಗೆ ಒಂದು ಬೋಲ್ಟ್, ಬೋಲ್ಟಿಗೆ ಮೋಟಾರಿನ ಕಪ್ಪು ವೈರಿನ ಉಂಗುರ. ಸದ್ದು ಬರಬಾರದು ಅಂತ ಮೋಟಾರನ್ನು ರಬ್ಬರ್ ಬುಷ್ ಮೇಲೆ ಕೂರಿಸಿರುತ್ತಾರೆ, ಹಾಗಾಗಿ ಅದರ ಮೈಗೂ ಕಾರಿನ ಮೈಗೂ ನೇರ ಸಂಬಂಧ ಇಲ್ಲ; ವಾಪಸ್ ಕರೆಂಟಿಗೆಲ್ಲ ಈ ಒಂದು ಉಂಗುರವೇ ಗತಿ. ಉಂಗುರ ಅಡಿಕೆಗೆ ಹೊಡೆಯುವ ಮೈಲುತುತ್ತದ ಬಣ್ಣಕ್ಕೆ ತಿರುಗಿತ್ತು. ಅದರ ಕೆಳಗಿನ ತಗಡು ಪದರ ಪದರವಾಗಿ ತುಕ್ಕು.

ಉಳಿದದ್ದು ಅರ್ಧ ಗಂಟೆಯ ಕೆಲಸ. ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟೆವು. ಇದನ್ನು ಮರೀಬೇಡಿ, ವೈಪರಿನ ಲಿಂಕ್ ನಡುವೆ ಬೆರಳಿಟ್ಟಾಗ ಯಾರಾದರೂ ಕೀ ತಿರುಗಿಸಿದರೆ ಆ ಪುಟ್ಟ ಮೋಟಾರ್ ಬೆರಳನ್ನು ಬಿಡೋದಿಲ್ಲ. ಉಂಗುರ ಕತ್ತರಿಸಿ ಹೊಸದು ಹಾಕಿ ಒತ್ತಿದ್ದಾಯ್ತು, ವೈರಿನ ಕಪ್ಪಾದ ಎರಡು ಇಂಚನ್ನೂ ತೆಗೆದೆವು. ತಗಡನ್ನು ಬೆಳ್ಳಿ ಬಣ್ಣ ಕಾಣುವವರೆಗೆ ಉಜ್ಜಿ, ಹೊಸ ಬೋಲ್ಟ್, ಹಲ್ಲಿನ ವಾಷರ್, ಬಿಗಿ ಮಾಡಿದ ಮೇಲೆ ಸುತ್ತ ವ್ಯಾಸಲೀನ್. ವ್ಯಾಸಲೀನ್ ಮೊದಲು ಹಚ್ಚಿ ಆಮೇಲೆ ಬಿಗಿ ಮಾಡಿದರೂ ನಡೆಯುತ್ತೆ ಅಂತ ಅವರು, ಆಮೇಲೆ ಹಚ್ಚೋದೇ ವಾಸಿ ಅಂತ ನಾನು. ಕಾಫಿ ಬಂದಿದ್ದರಿಂದ ಚರ್ಚೆ ಅಲ್ಲಿಗೇ ನಿಂತಿತು. ಮತ್ತೆ ಅಳೆದಾಗ ಅರ್ತ್‌ನಲ್ಲಿ 0.08 ವೋಲ್ಟ್, ಮೋಟಾರಿಗೆ 13.4. ನೀರು ಹೊಯ್ದು ಸ್ವಿಚ್ ಹಾಕಿದರೆ ಕಡ್ಡಿಗಳು ಪಟಪಟ ಅಂತ ಓಡಿದವು. ಸಾಮಾನಿಗೆ ಖರ್ಚಾದದ್ದು 40 ರೂಪಾಯಿ. ಅವರು ಕೂಲಿ ಬೇಡ ಅಂದರು, ಅಮ್ಮ ಬಿಡದೆ 300 ಕೊಟ್ಟರು.

ಅಪ್ಪ ಎದ್ದು ಬಂದು ಡ್ರೈವರ್ ಸೀಟಿನಲ್ಲಿ ಕೂತು ನಿಧಾನ, ಜೋರು, ಆಫ್ ಅಂತ ನಾಲ್ಕೈದು ಸಲ ಹಾಕಿ ನೋಡಿದರು. ಆಮೇಲೆ ಅಕ್ಕನಿಗೆ ತಾವೇ ಫೋನ್ ಹಚ್ಚಿ, ‘ಮೋಟಾರ್ ಹೋಗಿಲ್ಲ, ಅರ್ತ್ ಸಿಕ್ತಿರಲಿಲ್ಲ ಅಷ್ಟೇ’ ಅಂದರು. ಅಕ್ಕ ಏನಂದಳೋ ಕೇಳಿಸಲಿಲ್ಲ. ಕಾರು ಮಾರುವ ಮಾತು ಪೂರ್ತಿ ಮುಗಿದಿಲ್ಲ, ಮಳೆ ಜೋರಿದ್ದ ದಿನ ಒಬ್ಬರೇ ಹೊರಡೋದಿಲ್ಲ ಅಂತ ಅಪ್ಪ ಒಪ್ಪಿದ್ದಾರೆ. ಹೋದ ವಾರ ನಾನೂ ಜೊತೆಗೆ ಹೋಗಿದ್ದೆ, ಹೋಗುತ್ತ ಬರುತ್ತ ಎರಡೂ ಸಲ ಸ್ಟೀರಿಂಗ್ ಅವರ ಕೈಯಲ್ಲೇ.

ವೈಪರಿನ ಹಿಂದಿನ ಚರಿತ್ರೆಯೂ ಸ್ವಾರಸ್ಯದ್ದು. ಗಾಜು ಒರೆಸುವ ಕೈಪಿಡಿಗೆ 1903ರಲ್ಲಿ ಪೇಟೆಂಟ್ ಪಡೆದದ್ದು ಅಮೆರಿಕದ ಮೇರಿ ಆಂಡರ್ಸನ್ ಅನ್ನುವ ಹೆಣ್ಣುಮಗಳು. ಅದು ಒಳಗೆ ಕೂತು ಕೈಯಲ್ಲಿ ಎಳೆಯುವಂಥದ್ದು. ಮುಂದೆ ಎಂಜಿನ್ನಿನ ಗಾಳಿಯ ಸೆಳೆತದಿಂದ ಓಡುವ ವೈಪರ್ ಬಂತು. ಹಳೇ ಜೀಪುಗಳಲ್ಲಿ ಅದಿತ್ತು. ಅದರ ಕಷ್ಟ ಏನಂದರೆ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದಷ್ಟೂ ಸೆಳೆತ ಕಡಿಮೆಯಾಗಿ ವೈಪರ್ ನಿಧಾನ. ಆಗುಂಬೆ ಘಾಟಿಯಲ್ಲಿ ಅಂಥ ಜೀಪು ಓಡಿಸಿದವರ ಧೈರ್ಯ ಮೆಚ್ಚಬೇಕು. ಬಿಟ್ಟು ಬಿಟ್ಟು ಓಡುವ ವೈಪರಿನದ್ದು ಇನ್ನೊಂದು ಕತೆ. ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದ ರಾಬರ್ಟ್ ಕರ್ನ್ಸ್ ಅನ್ನುವ ಎಂಜಿನಿಯರ್, ರೆಪ್ಪೆ ಮಿಟುಕಿಸುವಂತೆ ವೈಪರೂ ಯಾಕೆ ಓಡಬಾರದು ಅಂತ ಯೋಚಿಸಿ ಕೆಪಾಸಿಟರ್, ಟ್ರಾನ್ಸಿಸ್ಟರ್ ಬಳಸಿ ಅದನ್ನು ಮಾಡಿದರು. 1967ರಲ್ಲಿ ಪೇಟೆಂಟ್ ಸಿಕ್ಕಿತು. ದೊಡ್ಡ ಕಂಪನಿಗಳು ತಮ್ಮ ಪೇಟೆಂಟನ್ನು ಬಳಸಿಕೊಂಡಿವೆ ಅಂತ 1978ರಲ್ಲಿ ಫೋರ್ಡ್ ಮೇಲೆ ಕೇಸು ಹಾಕಿದರು, 1990ರಲ್ಲಿ ಅದು ಒಂದು ಕೋಟಿ ಡಾಲರಿಗೂ ಮೀರಿದ ಪರಿಹಾರಕ್ಕೆ ಇತ್ಯರ್ಥವಾಯಿತು.

ಆ ಕೆಪಾಸಿಟರೇ ಈಗ ನಮ್ಮ ಕಾರಿನಲ್ಲಿ ಬಾಕಿ ಉಳಿದಿರುವ ಕೆಲಸ. ಬಿಟ್ಟು ಬಿಟ್ಟು ಓಡುವ ವೇಗಕ್ಕೆ ಹಾಕಿದರೆ ಒಮ್ಮೆ ಎರಡು ಸೆಕೆಂಡಿಗೆ, ಒಮ್ಮೆ ಹತ್ತು ಸೆಕೆಂಡಿಗೆ ಮನಸ್ಸು ಬಂದ ಹಾಗೆ ಒರೆಸುತ್ತೆ. ಡಬ್ಬಿ ಗಾತ್ರದ ರಿಲೇ ಒಳಗಿನ ಕೆಪಾಸಿಟರ್ ಇಷ್ಟು ವರ್ಷದ ಬಿಸಿಗೆ ಒಣಗಿರುತ್ತೆ. ಹತ್ತು ರೂಪಾಯಿಯದ್ದು, ತಂದಿಟ್ಟಿದ್ದೀನಿ. ಬೆಸುಗೆ ಹಾಕೋಕೆ ಒಂದು ಭಾನುವಾರ ಬೇಕು. ಅಪ್ಪ ಮಾತ್ರ, ‘ಅದಿರಲಿ ಬಿಡು, ಹೊಂಗೆ ಮರದ ಕೆಳಗಿಂದ ಕಾರು ಈಚೆ ನಿಲ್ಲಿಸೋಣ’ ಅಂತ ಗೇಟಿನ ಅಳತೆ ತೆಗೀತಿದ್ದಾರೆ.